41ನೇ ವಯಸ್ಸಿನಲ್ಲಿ ಭಿನ್ನರಾಶಿ ಕಲಿಯೋಕೆ ಕಾಲೇಜಿಗೆ ಸೇರಬೇಕಾ? ಸಲಹೆ ಬೇಕು

ಮಲ್ಲಿಗೆಮೊಗ್ಗು
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಓದಿ.

ನಾನು ಅರಕಲಗೂಡು ಕಡೆಯವಳು, ಕನ್ನಡ ಮೀಡಿಯಂ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ 38 ಬಂದು ಪಾಸಾದೆ. ಆಮೇಲೆ ಪಿಯುಸಿ ಆರ್ಟ್ಸ್, ಬಿಎ. ಲೆಕ್ಕದ ಪುಸ್ತಕ ಮತ್ತೆ ತೆರೆಯಲಿಲ್ಲ. ಮದುವೆಯಾಗಿ ನ್ಯೂಜೆರ್ಸಿಗೆ ಬಂದು 15 ವರ್ಷ ಆಯಿತು. ಹೋದ ವರ್ಷ ಗ್ರೀನ್ ಕಾರ್ಡ್ ಬಂತು, ಮಗಳು 7ನೇ ಕ್ಲಾಸಿಗೆ ಬಂದಳು. ಈಗಲಾದರೂ ನರ್ಸಿಂಗ್ ಓದೋಣ ಅಂತ ನಮ್ಮ ಹತ್ತಿರದ ಕಮ್ಯುನಿಟಿ ಕಾಲೇಜಿಗೆ ಅರ್ಜಿ ಹಾಕಿದೆ.

ಅಲ್ಲಿ ಯಾವ ಕೋರ್ಸಿಗೆ ಸೇರಿಸಬೇಕು ಅಂತ ನೋಡೋ ಆಕ್ಯುಪ್ಲೇಸರ್ ಅನ್ನೋ ಪ್ಲೇಸ್‌ಮೆಂಟ್ ಪರೀಕ್ಷೆ ಬರೆಸಿದರು. ಅಂಕಗಣಿತದಲ್ಲಿ 20 ಪ್ರಶ್ನೆ. ಟೈಮ್ ಲಿಮಿಟ್ ಇಲ್ಲ. ಆದರೆ ಒಂದು ಉತ್ತರ ಒತ್ತಿದ ಮೇಲೆ ಹಿಂದೆ ಹೋಗಿ ತಿದ್ದುವಂತಿಲ್ಲ. ನನ್ನ ಕೈ ನಡುಗುತ್ತಿತ್ತು. 228 ಬಂತು. ಮನೆಯವರು ‘300ಕ್ಕೆ 228 ಚೆನ್ನಾಗೇ ಇದೆಯಲ್ಲ’ ಎಂದರು. ಆ ಅಳತೆ ಶುರುವಾಗೋದೇ 200ರಿಂದ ಅಂತ ಅವರಿಗೆ ಹೇಳುವಾಗ ಅಳು ಬಂತು.

ಈಗ ಕೌನ್ಸೆಲರ್ ಹೇಳುವುದು ಹೀಗೆ: ಮೊದಲು ಅಂಕಗಣಿತದ ಕೋರ್ಸು, 15 ವಾರ. ಆಮೇಲೆ ಬೀಜಗಣಿತ. ಆಮೇಲೆ ಡಿಗ್ರಿಗೆ ಲೆಕ್ಕಕ್ಕೆ ಬರುವ ಗಣಿತ. ಮೊದಲಿನ ಎರಡಕ್ಕೂ ಫೀಸು ಕೊಡಬೇಕು, ಆದರೆ ಆ ಕ್ರೆಡಿಟ್ ಡಿಗ್ರಿಗೆ ಸೇರುವುದಿಲ್ಲ. ಭಾವನವರು ‘ಇಂಡಿಯಾದಿಂದ ಬಂದು 5ನೇ ಕ್ಲಾಸಿನ ಲೆಕ್ಕಕ್ಕೆ ಕಾಲೇಜಿಗೆ ಹೋಗ್ತೀಯಾ’ ಎಂದು ಎಲ್ಲರ ಮುಂದೆ ಕೇಳಿದರು.

ಸೇರಲಾ? ಮನೆಯಲ್ಲೇ ಓದಿ ಮತ್ತೆ ಪರೀಕ್ಷೆ ಬರೆಯಲಾ? ಅಥವಾ ಬೇರೆ ದಾರಿ ಇದೆಯಾ?

ಡಲ್ಲಾಸ್‌ಕನ್ನಡಿಗ
ಸೇರಬೇಡಿ. ಖಡಾಖಂಡಿತವಾಗಿ ಹೇಳ್ತೀನಿ.

ನಾನು ಇಲ್ಲಿನ ಕಾಲೇಜೊಂದರಲ್ಲಿ ಸಂಜೆ ಹೊತ್ತು ಟ್ಯೂಟರ್. ಇಂಥ ಕೋರ್ಸುಗಳ ತೊಂದರೆ ಪಾಠದಲ್ಲಿಲ್ಲ, ಸರಪಳಿಯಲ್ಲಿದೆ. ಒಂದೊಂದು ಕೋರ್ಸಿನಲ್ಲೂ ಹತ್ತರಲ್ಲಿ ಏಳು ಜನ ದಾಟುತ್ತಾರೆ ಅಂತ ಉದಾಹರಣೆಗೆ ಇಟ್ಟುಕೊಳ್ಳಿ. ಮೂರು ಕೋರ್ಸು ಒಂದರ ಹಿಂದೆ ಒಂದು ಇದ್ದರೆ ಕೊನೆಗೆ ನೂರಕ್ಕೆ ಎಷ್ಟು ಜನ ಉಳಿದರು? ನೀವೇ ಲೆಕ್ಕ ಹಾಕಿ ನೋಡಿ. ಫೇಲ್ ಆದವರಷ್ಟೇ ಅಲ್ಲ, ಪಾಸಾದವರೂ ಮುಂದಿನ ಸೆಮಿಸ್ಟರಿಗೆ ಬರೋದಿಲ್ಲ. ಕೆಲಸ ಸಿಗುತ್ತೆ, ಮಗು ಹುಟ್ಟುತ್ತೆ, ಕಾರು ಕೆಡುತ್ತೆ.

ಅದಕ್ಕೇ ಟೆಕ್ಸಾಸ್‌ನಲ್ಲಿ 2017ರಲ್ಲಿ ಕಾನೂನು ತಂದರು. ಈಗ ಇಲ್ಲಿ ಹೆಚ್ಚಿನವರು ನೇರವಾಗಿ ಕಾಲೇಜು ಗಣಿತಕ್ಕೇ ಸೇರುತ್ತಾರೆ. ಜೊತೆಗೆ ಅದೇ ಸೆಮಿಸ್ಟರಿನಲ್ಲಿ ಸಹಾಯದ ಕ್ಲಾಸು ಇರುತ್ತೆ. ಕೋರಿಕ್ವಿಸಿಟ್ ಅಂತಾರೆ. ನಿಮ್ಮ ಕಾಲೇಜಿನಲ್ಲಿ ಅದು ಇದೆಯಾ ಅಂತ ಮೊದಲು ಕೇಳಿ.

ಬೇಏರಿಯಾಅಮ್ಮ
ಕ್ಯಾಲಿಫೋರ್ನಿಯಾದಲ್ಲೂ ಹಾಗೇ. ಇಲ್ಲಿ ಎಬಿ 705 ಅನ್ನೋ ಕಾನೂನು 2017ರಲ್ಲಿ ಬಂತು. ಪ್ಲೇಸ್‌ಮೆಂಟ್ ಪರೀಕ್ಷೆ ಹೋಯಿತು, ಹೈಸ್ಕೂಲ್ ಅಂಕಗಳನ್ನು ನೋಡ್ತಾರೆ. ಕ್ರೆಡಿಟ್ ಕೋರ್ಸಿಗೆ ಯೂನಿಟ್‌ಗೆ 46 ಡಾಲರ್, ನಾನ್-ಕ್ರೆಡಿಟ್, ಅಂದರೆ ಡಿಗ್ರಿಗೆ ಸೇರದ ತರಗತಿಗೆ ಫೀಸೇ ಇಲ್ಲ. ನನ್ನ ಪಕ್ಕದ ಮನೆಯ ಮೆಕ್ಸಿಕನ್ ಅಜ್ಜಿ 63ನೇ ವಯಸ್ಸಿನಲ್ಲಿ ಅಡಲ್ಟ್ ಸ್ಕೂಲಿಗೆ ಹೋಗಿ ಲೆಕ್ಕ ಕಲಿತರು.

ಮಲ್ಲಿಗೆಮೊಗ್ಗು
ನಾನು ನ್ಯೂಜೆರ್ಸಿಯಲ್ಲಿ ಅಕ್ಕಾ. ಇಲ್ಲಿ ಪರೀಕ್ಷೆ ಇದೆ. ನಮ್ಮ ಕಾಲೇಜಿನಲ್ಲಿ ಕೋರಿಕ್ವಿಸಿಟ್ ಇದೆ, ಆದರೆ ನನ್ನ ಅಂಕ ಅದಕ್ಕೂ ಸಾಲದು ಎಂದರು.

ಹುಬ್ಳಿಹುಡುಗ
ಆನ್‌ಲೈನ್‌ನಾಗ ಪಾಠ ಹೇಳೋ ಖಾನ್ ಅಕಾಡೆಮಿ ಫ್ರೀ ಐತ್ರೀ. ಎರಡು ತಿಂಗಳು ದಿನಾ ಒಂದು ತಾಸು ಕೂತ್ರ ಮುಗೀತು. ರೊಕ್ಕ ಯಾಕ ಕೊಡ್ತೀರಿ?

ಕಾವೇರಿತೀರ
@ಹುಬ್ಳಿಹುಡುಗ ದಿನಾ ಒಂದು ತಾಸು ಅಂತ ಬರೆಯುವುದು ಸುಲಭ. ಮನೆಯಲ್ಲಿ ಕೂತ ಹೆಂಗಸಿಗೆ ಆ ಒಂದು ತಾಸು ಯಾರು ಕೊಡ್ತಾರೆ ಹೇಳಿ? ಕುಕ್ಕರ್ ಕೂಗುತ್ತೆ, ಮಗಳು ಕರೀತಾಳೆ, ಅತ್ತೆ ಊರಿಂದ ಫೋನ್ ಮಾಡ್ತಾರೆ. ‘ಕ್ಲಾಸಿದೆ’ ಎಂದು ಬ್ಯಾಗು ಹಾಕಿಕೊಂಡು ಹೊರಗೆ ಹೋದರೆ ಮಾತ್ರ ಆ ಟೈಮು ನಮ್ಮದು. ನಾನು ಮೂರು ಸಲ ಆನ್‌ಲೈನ್ ಶುರು ಮಾಡಿ ಮೂರು ಸಲವೂ ಬಿಟ್ಟೆ. ನಾಲ್ಕನೇ ಸಲ ಕ್ಲಾಸಿಗೆ ಸೇರಿದೆ, ಮುಗಿಸಿದೆ.

ಹುಬ್ಳಿಹುಡುಗ
ಇದು ನನ್ನ ತಲಿಗೆ ಬಂದಿರಲಿಲ್ಲ. ತಪ್ಪಾತ್ರೀ.

ನಿವೃತ್ತಮೇಷ್ಟ್ರು
ತಾಯೀ, ಸೇರಬೇಕೋ ಬೇಡವೋ ಆಮೇಲೆ ನೋಡೋಣ. ನಾನು ಶಿವಮೊಗ್ಗ ಜಿಲ್ಲೆಯಲ್ಲಿ 34 ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿದವನು. ಯಾವ ಲೆಕ್ಕ ತಪ್ಪಾಯಿತು, ನಿಮಗೆ ನೆನಪಿದ್ದರೆ ಹೇಳಿ. ಎಲ್ಲವೂ ಬಾರದಿರುವುದು ಅಪರೂಪ. ಸಾಮಾನ್ಯವಾಗಿ ಎಲ್ಲೋ ಒಂದು ಕಡೆ ಮೆಟ್ಟಿಲು ಮುರಿದಿರುತ್ತೆ, ಅಲ್ಲಿಂದ ಮೇಲಿನದ್ದೆಲ್ಲ ಕಷ್ಟ ಆಗುತ್ತೆ.

ಮಲ್ಲಿಗೆಮೊಗ್ಗು
ಮೇಷ್ಟ್ರೇ, ಕೂಡಿಸುವುದು, ಕಳೆಯುವುದು, ಗುಣಿಸುವುದು ಬರುತ್ತೆ. 20ರವರೆಗೆ ಮಗ್ಗಿ ಈಗಲೂ ಬಾಯಿಪಾಠ. ಪ್ರಶ್ನೆಗಳೇ ನೆನಪಿಲ್ಲ. ಆದರೆ ಭಿನ್ನರಾಶಿ ಬಂದರೆ ಎದೆ ಹೊಡೆದುಕೊಳ್ಳುತ್ತೆ. ಮನೆಗೆ ಬಂದು ಮಗಳ ಪುಸ್ತಕದಲ್ಲಿ 1/2 + 1/3 ಮಾಡಿದೆ. 2/5 ಬರೆದೆ. ಮಗಳು ‘ಅಮ್ಮಾ, 5/6’ ಎಂದಳು. ಯಾಕೆ ಅಂತ ಅವಳಿಗೂ ಹೇಳಲು ಬರಲಿಲ್ಲ, ‘ರೂಲ್ ಹಾಗೇ’ ಎಂದಳು. ದಶಮಾಂಶ ಭಾಗಿಸುವುದೂ ಮರೆತಿದೆ.

ನಿವೃತ್ತಮೇಷ್ಟ್ರು
ಸರಿ, ಮೆಟ್ಟಿಲು ಸಿಕ್ಕಿತು.

ಮೊದಲು ನಿಮ್ಮ ಉತ್ತರವನ್ನೇ ನೋಡಿ. ಅರ್ಧ ರೊಟ್ಟಿ ಇದೆ. ಅದಕ್ಕೆ ಇನ್ನಷ್ಟು ರೊಟ್ಟಿ ಸೇರಿಸಿದ್ದೀರಿ. ಉತ್ತರ 2/5. ಐದರಲ್ಲಿ ಎರಡು ಅಂದರೆ ಅರ್ಧಕ್ಕಿಂತ ಕಡಿಮೆ ಅಲ್ವಾ? ಸೇರಿಸಿದ ಮೇಲೆ ರೊಟ್ಟಿ ಕಡಿಮೆ ಆಗುತ್ತಾ? ಇಷ್ಟು ಕೇಳಿಕೊಂಡರೆ ಸಾಕು, ಎಲ್ಲೋ ತಪ್ಪಿದೆ ಅಂತ ಯಾವ ರೂಲೂ ಇಲ್ಲದೆ ಗೊತ್ತಾಗುತ್ತೆ.

ಈಗ ಯಾಕೆ ತಪ್ಪು ಅಂತ. ನಿಮ್ಮ ಮನೆಯಲ್ಲಿ ಅಜ್ಜಿ ಭತ್ತ ಅಳೆಯುವುದನ್ನು ನೋಡಿರಬಹುದು. 3 ಸೇರು 2 ಪಾವು ಇದ್ದರೆ 3ಕ್ಕೆ 2 ಸೇರಿಸಿ 5 ಅನ್ನುತ್ತಾರಾ? ಇಲ್ಲ. 5 ಏನು, ಸೇರಾ, ಪಾವಾ? ಒಂದು ಸೇರಿಗೆ 4 ಪಾವು. ಸೇರನ್ನು ಪಾವು ಮಾಡಿದರೆ 12, ಅದಕ್ಕೆ 2 ಸೇರಿ 14 ಪಾವು. ಛೇದ ಎಂದರೆ ತುಂಡಿನ ಹೆಸರು, ಅಷ್ಟೇ. ಅಂಶ ಎಂದರೆ ಅಂಥ ತುಂಡು ಎಷ್ಟಿವೆ ಎಂಬ ಎಣಿಕೆ. 1/2 ಬೇರೆ ಹೆಸರಿನ ತುಂಡು, 1/3 ಬೇರೆ ಹೆಸರಿನ ತುಂಡು. ಎರಡನ್ನೂ ಆರನೇ ತುಂಡಾಗಿ ಮುರಿಯಿರಿ. ಮೂರು ತುಂಡು, ಎರಡು ತುಂಡು, ಒಟ್ಟು ಐದು ತುಂಡು. 5/6.

ಲಸಾಅ ಎಂದು ಬೋರ್ಡಿನ ಮೇಲೆ ಬರೆಸಿದ್ದರಲ್ಲ, ಅದು ಇದೇ. ಎರಡಕ್ಕೂ ಒಪ್ಪುವ ತುಂಡು ಹುಡುಕುವುದು. ನಮ್ಮಂಥವರು ಅದನ್ನು ಬರೀ ಏಣಿ ಲೆಕ್ಕವಾಗಿ ಹೇಳಿಕೊಟ್ಟೆವು. ನಿಮ್ಮ ಕಾಲದ ಮಕ್ಕಳಿಗೆ ನಾನೂ ಹಾಗೇ ಹೇಳಿದ್ದೇನೆ, ಅದರ ಬಗ್ಗೆ ಈಗ ಬೇಸರ ಇದೆ.

ಮಲ್ಲಿಗೆಮೊಗ್ಗು
ಮೇಷ್ಟ್ರೇ, ಇದನ್ನು ನಾಲ್ಕು ಸಲ ಓದಿದೆ. ‘ತುಂಡಿನ ಹೆಸರು’. ಇಷ್ಟು ವರ್ಷ ಇದನ್ನು ಯಾರೂ ಹೇಳಿರಲಿಲ್ಲ.

ಅಡಿಕೆತೋಟ
ಅಮೆರಿಕದಲ್ಲಿದ್ದರೆ ಇನ್ನೂ ಸುಲಭ. ಅಡುಗೆಮನೆಯಲ್ಲಿ ಅಳತೆ ಕಪ್ಪಿನ ಸೆಟ್ಟು ಇರುತ್ತಲ್ಲ, 1, 1/2, 1/3, 1/4. ಅಕ್ಕಿ ತೆಗೆದುಕೊಂಡು ಅರ್ಧ ಕಪ್ಪು, ಮೂರನೇ ಒಂದು ಕಪ್ಪು ದೊಡ್ಡ ಕಪ್ಪಿಗೆ ಸುರಿಯಿರಿ. ಸ್ವಲ್ಪವೇ ಖಾಲಿ ಉಳಿಯುತ್ತೆ. ಆ ಖಾಲಿ ಜಾಗ 1/6. ಕಣ್ಣಿಗೇ ಕಾಣುತ್ತೆ.

ನೈಟ್‌ಶಿಫ್ಟ್‌ನರ್ಸ್
ತಂಗೀ, ನಾನು 12 ವರ್ಷದಿಂದ ಇಲ್ಲಿ ಆರ್‌ಎನ್, ಅಂದರೆ ರಿಜಿಸ್ಟರ್ಡ್ ನರ್ಸ್. ನನ್ನ ಮಾತು ಕೇಳು. ಬೇರೆ ಯಾವುದೇ ಕೋರ್ಸಿಗೆ ಹೋಗುವವಳಾದರೆ ‘ದಾಟಿಕೊಂಡು ಹೋಗು’ ಅಂತಿದ್ದೆ. ನರ್ಸಿಂಗ್‌ಗೆ ಹೋಗುವವಳು ಅಂಕಗಣಿತವನ್ನು ದಾಟುವಂತಿಲ್ಲ.

ನಮ್ಮ ಕೆಲಸದಲ್ಲಿ ಕ್ಯಾಲ್ಕುಲಸ್ ಬೇಡ. ದೊಡ್ಡ ಬೀಜಗಣಿತವೂ ಬೇಡ. ಬೇಕಾಗಿರುವುದು ಭಿನ್ನರಾಶಿ, ದಶಮಾಂಶ, ಶೇಕಡಾ, ಅನುಪಾತ. ಅಂದರೆ ನೀನು ನಾಚಿಕೆಪಡುತ್ತಿರುವ ಆ ಕೋರ್ಸೇ. ಸಿರಪ್ಪಿನ ಬಾಟಲಿ ಮೇಲೆ 5 ಎಂಎಲ್‌ನಲ್ಲಿ 250 ಎಂಜಿ ಅಂತಿರುತ್ತೆ, ಡಾಕ್ಟರು 400 ಎಂಜಿ ಬರೆದಿರುತ್ತಾರೆ. ಎಷ್ಟು ಎಂಎಲ್ ಕೊಡಬೇಕು? 8. ಇದು ಮಧ್ಯರಾತ್ರಿ 3 ಗಂಟೆಗೆ, ಎರಡು ಬೆಲ್ ಹೊಡೆದುಕೊಳ್ಳುತ್ತಿರುವಾಗ ಬರಬೇಕು. ಮಷೀನು ಲೆಕ್ಕ ಹಾಕುತ್ತೆ, ನಿಜ. ಆದರೆ ಮಷೀನಿಗೆ ತಪ್ಪು ಸಂಖ್ಯೆ ಒತ್ತಿದರೆ ಅದು ತಪ್ಪನ್ನೇ ಸರಿಯಾಗಿ ಲೆಕ್ಕ ಹಾಕುತ್ತೆ.

ಇಲ್ಲಿ ಒಂದು ನಿಯಮ ಇದೆ. ಅರ್ಧವನ್ನು .5 ಎಂದು ಬರೆಯಬಾರದು, 0.5 ಎಂದೇ ಬರೆಯಬೇಕು. ಐದನ್ನು 5.0 ಎಂದು ಬರೆಯಬಾರದು, ಬರೀ 5. ಚುಕ್ಕಿ ಕಣ್ತಪ್ಪಿದರೆ ಔಷಧ ಹತ್ತು ಪಟ್ಟು ಆಗುತ್ತೆ. ನಾನು ಮೊದಲು ಕೆಲಸ ಮಾಡುತ್ತಿದ್ದ ಕಡೆ ಒಬ್ಬ ಹೊಸ ಹುಡುಗಿ ಕೈಬರಹದ .5 ಅನ್ನು 5 ಎಂದು ಓದಿದಳು. ನಾನು ಪಕ್ಕದಲ್ಲಿದ್ದೆ. ಸಿರಿಂಜಿನಲ್ಲಿ ಅಷ್ಟೊಂದು ಔಷಧ ನೋಡಿ ಕೈ ಹಿಡಿದೆ. ‘ಇಷ್ಟು ಜಾಸ್ತಿ ಇರಲು ಸಾಧ್ಯವಾ’ ಅಂತ ಅವಳಿಗೆ ಅನ್ನಿಸಲೇ ಇಲ್ಲ. ಮೇಷ್ಟ್ರು ರೊಟ್ಟಿ ವಿಷಯದಲ್ಲಿ ಹೇಳಿದ್ದು ಅದನ್ನೇ.

ಡಲ್ಲಾಸ್‌ಕನ್ನಡಿಗ
ಅಕ್ಕಾ, ಲೆಕ್ಕ ಬೇಡ ಅಂತ ನಾನು ಹೇಳಲೇ ಇಲ್ಲ. ಲೆಕ್ಕ ಬೇಕು, 15 ವಾರದ ಗೇಟು ಬೇಡ. ಇವರಿಗೆ ಮಗ್ಗಿ ಬರುತ್ತೆ, ಕೂಡುವುದು ಕಳೆಯುವುದು ಬರುತ್ತೆ. ಮೊದಲ ಐದು ವಾರ ಕ್ಲಾಸಿನಲ್ಲಿ ಅದನ್ನೇ ಮಾಡಿಸುತ್ತಾರೆ. ಬೇಸರ ಬಂದು ಬಿಡುತ್ತಾರೆ. ಭಿನ್ನರಾಶಿ, ದಶಮಾಂಶ ಎರಡೇ ಕಲಿತು ಮತ್ತೆ ಪರೀಕ್ಷೆ ಬರೆದರೆ ಕೋರಿಕ್ವಿಸಿಟ್‌ಗೆ ಸಾಕಾಗುತ್ತೆ. ಒಂದು ವರ್ಷ ಉಳಿಯುತ್ತೆ. 41ನೇ ವಯಸ್ಸಿನಲ್ಲಿ ಒಂದು ವರ್ಷ ಸಣ್ಣದಲ್ಲ.

ನೈಟ್‌ಶಿಫ್ಟ್‌ನರ್ಸ್
ಒಂದು ವರ್ಷ ಉಳಿಸಿ ಮುಂದೆ ನರ್ಸಿಂಗ್‌ನ ಡೋಸೇಜ್ ಪರೀಕ್ಷೆಯಲ್ಲಿ, ಅಂದರೆ ಔಷಧದ ಪ್ರಮಾಣ ಲೆಕ್ಕ ಹಾಕುವ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ? ನಾನು ಓದಿದ ಕಡೆ ಅದಕ್ಕೆ 90 ಬರಲೇಬೇಕಿತ್ತು. ನನ್ನ ಬ್ಯಾಚಿನಲ್ಲಿ ಚೆನ್ನಾಗಿ ಓದುತ್ತಿದ್ದ ಇಬ್ಬರು ಅದರಲ್ಲೇ ಹೋದರು.

ಕಾವೇರಿತೀರ
ಇಬ್ಬರದೂ ನಿಜವೇ. ಆದರೆ ಡಲ್ಲಾಸ್ ಸರ್, ಬೇಸರ ಬಂದು ಬಿಡುತ್ತಾರೆ ಎಂದಿರಲ್ಲ, ನನ್ನ ಅನುಭವ ಉಲ್ಟಾ. ಗೊತ್ತಿದ್ದ ಲೆಕ್ಕದಿಂದ ಶುರುವಾಗಿದ್ದಕ್ಕೇ ನನಗೆ ಧೈರ್ಯ ಬಂತು. ಮೊದಲ ಟೆಸ್ಟಿನಲ್ಲಿ 96 ಬಂದಾಗ ಕಾರಿನಲ್ಲಿ ಕೂತು ಅತ್ತುಬಿಟ್ಟೆ. ಗಣಿತದಲ್ಲಿ ನನಗೆ ಅಂಥ ಅಂಕ ಅದಕ್ಕೆ ಮೊದಲು ಬಂದೇ ಇರಲಿಲ್ಲ.

ಮಿರ್ಚಿಮಂಡಕ್ಕಿ
ನನ್ನದೊಂದು ಪ್ರಶ್ನೆ. ಕಾಲೇಜು ಅನ್ನೋರು 5ನೇ ಕ್ಲಾಸಿನ ಲೆಕ್ಕ ಯಾಕೆ ಹೇಳಿಕೊಡ್ತಾರೆ? ನಮ್ಮಲ್ಲಿ ಹೀಗಿಲ್ಲವಲ್ಲ.

ಬೇಏರಿಯಾಅಮ್ಮ
ಯಾಕಂದ್ರೆ ಈ ಕಾಲೇಜುಗಳ ಬಾಗಿಲು ಎಲ್ಲರಿಗೂ ತೆರೆದಿರುತ್ತೆ. 1901ರಲ್ಲಿ ಇಲಿನಾಯ್‌ನ ಜೋಲಿಯೆಟ್‌ನಲ್ಲಿ ಮೊದಲ ಸರ್ಕಾರಿ ಜೂನಿಯರ್ ಕಾಲೇಜು ಶುರುವಾಯಿತು. ಈಗ ಕಟ್‌ಆಫ್ ಇಲ್ಲ, ಡೊನೇಶನ್ ಇಲ್ಲ, ವಯಸ್ಸಿನ ಮಿತಿ ಇಲ್ಲ. 18ರ ಹುಡುಗ, ಕೆಲಸ ಹೋದ ಲಾರಿ ಡ್ರೈವರ್, ಸೈನ್ಯದಿಂದ ವಾಪಸ್ಸು ಬಂದವರು, ನಮ್ಮಂಥ ವಲಸಿಗರು, ಎಲ್ಲರೂ ಬರ್ತಾರೆ. ಬಾಗಿಲು ತೆರೆದ ಮೇಲೆ ಒಳಗೆ ಬಂದವರು ಎಲ್ಲಿದ್ದಾರೋ ಅಲ್ಲಿಂದ ಕಲಿಸಬೇಕಲ್ವಾ? ನಮ್ಮ ಊರಲ್ಲಿ ಎಸ್ಸೆಸ್ಸೆಲ್ಸಿ ಬಿಟ್ಟ 40ರ ಹೆಂಗಸು ಹಗಲಿನ ಕಾಲೇಜಿಗೆ ಹೋಗಿ ಕೂರುವುದನ್ನು ಯೋಚನೆ ಮಾಡಿ ನೋಡಿ.

ಎಚ್‌ನಾಲ್ಕುಹಕ್ಕಿ
ಮಧ್ಯೆ ಕೇಳ್ತಿದ್ದೀನಿ, ಕ್ಷಮಿಸಿ. ನಾನು ಎಚ್4 ವೀಸಾದಲ್ಲಿ (ಗಂಡನ ಕೆಲಸದ ವೀಸಾ ಜೊತೆ ಹೆಂಡತಿಗೆ ಸಿಗೋದು) ಓಹಾಯೋದಲ್ಲಿದ್ದೇನೆ. ನನ್ನ ಕಥೆಯೂ ಇದೇ, ಬಿಎ ಆಗಿದೆ, ಲೆಕ್ಕ ಬರಲ್ಲ. ಎಚ್4ನಲ್ಲಿ ಕಾಲೇಜಿಗೆ ಸೇರಬಹುದಾ?

ಡಲ್ಲಾಸ್‌ಕನ್ನಡಿಗ
ಓದಬಹುದು, ಅದಕ್ಕೆ ವೀಸಾ ಬದಲಾಯಿಸಬೇಕಾಗಿಲ್ಲ. ಕೆಲಸಕ್ಕೆ ಮಾತ್ರ ಬೇರೆ ಅನುಮತಿ ಬೇಕು. ಫೆಡರಲ್ ಹಣದ ಸಹಾಯ ಎಚ್4ಗೆ ಸಿಗೋದಿಲ್ಲ. ಸ್ಥಳೀಯರ ಫೀಸು ಅನ್ವಯ ಆಗುತ್ತಾ ಅಂತ ನಿಮ್ಮ ಕಾಲೇಜಿನಲ್ಲೇ ಕೇಳಿ, ರಾಜ್ಯದಿಂದ ರಾಜ್ಯಕ್ಕೆ ಬೇರೆ.

@ಮಲ್ಲಿಗೆಮೊಗ್ಗು ನಿಮಗೆ ಗ್ರೀನ್ ಕಾರ್ಡ್ ಇದೆ, ಫೆಡರಲ್ ಹಣದ ಸಹಾಯಕ್ಕೆ ಎಫ್‌ಎಎಫ್‌ಎಸ್‌ಎ ಅನ್ನೋ ಅರ್ಜಿ ಹಾಕಿದ್ದೀರಾ? ಇಂಥ ತಯಾರಿ ಕೋರ್ಸುಗಳಿಗೂ ಆ ಸಹಾಯ ಸಿಗುತ್ತೆ, 30 ಕ್ರೆಡಿಟ್‌ವರೆಗೆ. ಮನೆಯ ಆದಾಯ ನೋಡ್ತಾರೆ. ಸೇರುವುದೇ ಆದರೆ ಇದನ್ನು ಮರೀಬೇಡಿ.

ಮಿರ್ಚಿಮಂಡಕ್ಕಿ
ಇನ್ನೊಂದು. ಲೆಕ್ಕದಲ್ಲಿ ಯಾವುದನ್ನು ಮೊದಲು ಮಾಡಬೇಕು ಅನ್ನೋ ಸೂತ್ರಕ್ಕೆ ನನ್ನ ಮಗ ಇಲ್ಲಿ ಪೆಮ್ಡಾಸ್ ಅಂತ ಕಲೀತಾನೆ, ನಾವು ಬಾಡ್ಮಾಸ್ ಕಲಿತದ್ದು. ಮನೆಯಲ್ಲಿ ದಿನಾ ಜಗಳ. ಯಾವುದು ಸರಿ?

ನಿವೃತ್ತಮೇಷ್ಟ್ರು
ಎರಡೂ ಸರಿ, ಅಕ್ಷರಕ್ಕೆ ಜೋತುಬಿದ್ದರೆ ಎರಡೂ ತಪ್ಪು. 24 ÷ 4 × 2 ನೋಡಿ. ಪೆಮ್ಡಾಸ್‌ನಲ್ಲಿ ಗುಣಾಕಾರ ಮೊದಲು ಬರುತ್ತೆ ಅಂತ 4 × 2 ಮಾಡಿದರೆ 3 ಬರುತ್ತೆ. ತಪ್ಪು. ಗುಣಾಕಾರ, ಭಾಗಾಕಾರ ಸಮಾನ, ಎಡದಿಂದ ಬಲಕ್ಕೆ ಹೋಗಬೇಕು. ಉತ್ತರ 12. ಬಾಡ್ಮಾಸ್‌ನವರು 10 − 4 + 3ರಲ್ಲಿ ಕೂಡುವುದು ಮೊದಲು ಅಂತ 3 ಬರೆಯುತ್ತಾರೆ. ಅದೂ ತಪ್ಪು, 9.

ಅಡಿಕೆತೋಟ
ಮೇಷ್ಟ್ರೇ, ಒಂದು ಬಿಟ್ಟಿರಿ. ಬಾಡ್ಮಾಸ್‌ನ ‘ಓ’ ಅಂದರೆ ‘ಆಫ್’ ಅಂತ ನಮಗೆ ಹೇಳಿಕೊಟ್ಟಿದ್ದು. ‘6ರ ಅರ್ಧ’ದ ‘ರ’ ಇದೆಯಲ್ಲ, ಅದು ಭಾಗಾಕಾರಕ್ಕಿಂತ ಮೊದಲು. 12 ÷ 6ರ ಅರ್ಧ ಅಂದರೆ ನಮಗೆ 12 ÷ 3, ಉತ್ತರ 4. ಅಮೆರಿಕದ ಪುಸ್ತಕದಲ್ಲಿ 12 ÷ 1/2 × 6 ಅಂತ ಬರೆದು ಎಡದಿಂದ ಹೋದರೆ 144.

ನಿವೃತ್ತಮೇಷ್ಟ್ರು
ಒಪ್ಪಿದೆ. ಚೆನ್ನಾಗಿ ಹಿಡಿದಿರಿ. ಆವರಣ ಹಾಕದೆ ಅಂಥ ಲೆಕ್ಕ ಕೊಡುವುದೇ ಮಕ್ಕಳಿಗೆ ಅನ್ಯಾಯ.

ಕಾವೇರಿತೀರ
ಭಾಗಾಕಾರ ಬರೆಯುವುದೂ ಬೇರೆ. ನಾವು ಎಡಕ್ಕೆ ಭಾಜಕ, ಬಲಕ್ಕೆ ಭಾಗಲಬ್ಧ ಬರೆಯುತ್ತಿದ್ದೆವು. ಇಲ್ಲಿ ಭಾಗಲಬ್ಧ ತಲೆ ಮೇಲೆ. ಮೊದಲ ದಿನ ಟೀಚರ್ ಬೋರ್ಡಿನ ಮೇಲೆ ಮಾಡಿದಾಗ ಯಾವುದರಿಂದ ಯಾವುದನ್ನು ಭಾಗಿಸುತ್ತಿದ್ದಾರೆ ಅಂತಲೇ ತಿಳಿಯಲಿಲ್ಲ. ಲಕ್ಷ ಬರೆಯುವಾಗ ಅಲ್ಪವಿರಾಮದ ಜಾಗವೂ ಬೇರೆ, 1,00,000 ಅಲ್ಲ, 100,000. ಲೆಕ್ಕ ಬಂದರೂ ಇಂಥದ್ದರಲ್ಲಿ ಅಂಕ ಹೋಗುತ್ತೆ.

ಅಡಿಕೆತೋಟ
ಮಗ್ಗಿ ಮಾತು ಬಂತಲ್ಲ, ನಮ್ಮ ಅಜ್ಜ ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ ಹೇಳುತ್ತಿದ್ದರು. ‘ಏಳು ಮುಕ್ಕಾಲು ಐದೂಕಾಲು’ ಅಂತ ಅಡಿಕೆ ತೂಗುತ್ತಾ ಬಾಯಲ್ಲೇ. ರೂಪಾಯಿಗೆ 16 ಆಣೆ ಇದ್ದ ಕಾಲ. 1957ರಲ್ಲಿ ನಯಾಪೈಸೆ ಬಂದ ಮೇಲೂ ಅವರ ಬಾಯಿಂದ ಆಣೆ ಹೋಗಲಿಲ್ಲ. ಭಿನ್ನರಾಶಿ ಅವರಿಗೆ ಪಾಠ ಆಗಿರಲಿಲ್ಲ, ಮಾತಾಗಿತ್ತು. ನಾವು ಅದನ್ನು ಬಿಟ್ಟೆವು ಅಂತ ನನಗೆ ನಿಜಕ್ಕೂ ನೋವಾಗುತ್ತೆ.

ಬೇಏರಿಯಾಅಮ್ಮ
ನಮ್ಮತ್ತೆಯೂ ಹೇಳ್ತಾರೆ! ಫೋನಿನಲ್ಲಿ ರೆಕಾರ್ಡ್ ಮಾಡಿ ಇಟ್ಟುಕೊಳ್ಳಬೇಕು.

ಹುಬ್ಳಿಹುಡುಗ
ಮಾಡ್ರೀ, ಇವತ್ತೇ ಮಾಡ್ರೀ. ನಮ್ಮ ಅಜ್ಜಿದು ಮಾಡಬೇಕಂತ ಅನ್ಕೊಂತಾ ಉಳದಬಿಟ್ಟೆ.

ಮಲ್ಲಿಗೆಮೊಗ್ಗು
(ಏಳು ವಾರದ ನಂತರ ಬರೆಯುತ್ತಿದ್ದೇನೆ.)

ಎಲ್ಲರ ಮಾತೂ ಓದಿ ಒಂದು ವಾರ ಯೋಚಿಸಿದೆ. ಕೋರ್ಸಿಗೆ ಸೇರಿದೆ. ಡಲ್ಲಾಸ್ ಸರ್ ಮಾತನ್ನು ತಳ್ಳಿಹಾಕಲಿಲ್ಲ. ಕೌನ್ಸೆಲರನ್ನು ಮತ್ತೆ ಕಂಡು ‘ಇದಾದ ಮೇಲೆ ಬೀಜಗಣಿತ ಬಿಟ್ಟು ನೇರವಾಗಿ ಕೋರಿಕ್ವಿಸಿಟ್‌ಗೆ ಹೋಗಬಹುದಾ’ ಎಂದು ಕೇಳಿದೆ. ಈ ಕೋರ್ಸಿನಲ್ಲಿ ಬಿ ಬಂದು, ಮತ್ತೆ ಪರೀಕ್ಷೆ ಬರೆದು ಅಂಕ ಸಾಕಾದರೆ ಬಿಡುತ್ತೇವೆ ಎಂದರು. ಕೇಳದಿದ್ದರೆ ಅವರಾಗಿ ಹೇಳುತ್ತಿರಲಿಲ್ಲ. ಅಂದರೆ ಸರಪಳಿಯಲ್ಲಿ ಒಂದು ಕೊಂಡಿ ಕಡಿಮೆಯಾಯಿತು.

ಕ್ಲಾಸಿನಲ್ಲಿ 22 ಜನ. ನನ್ನ ಪಕ್ಕ ಹೈಟಿ ದೇಶದ ಹೆಂಗಸು, ಗೋದಾಮಿನಲ್ಲಿ ರಾತ್ರಿ ಪಾಳಿ ಮುಗಿಸಿ ನೇರ ಕ್ಲಾಸಿಗೆ ಬರುತ್ತಾಳೆ. ಹಿಂದೆ ಒಬ್ಬ ಹುಡುಗ, ಇಲ್ಲೇ ಹುಟ್ಟಿ ಇಲ್ಲೇ 12ನೇ ಕ್ಲಾಸು ಮುಗಿಸಿದವನು, ಮಗ್ಗಿ ಬರುವುದಿಲ್ಲ. ಅವನಿಗೆ ನಾನು 7ರ ಮಗ್ಗಿ ಹೇಳಿಕೊಟ್ಟೆ. ನಾನು! ಲೆಕ್ಕದಲ್ಲಿ!

ಭಿನ್ನರಾಶಿ ಅಧ್ಯಾಯ ಬಂದಾಗ ಟೀಚರ್ ‘ಛೇದ ಯಾಕೆ ಒಂದೇ ಇರಬೇಕು’ ಎಂದು ಕೇಳಿದರು. ಯಾರೂ ಮಾತಾಡಲಿಲ್ಲ. ನಾನು ಎದ್ದು ಸೇರು, ಪಾವಿನ ಕಥೆಯನ್ನು ನನ್ನ ಇಂಗ್ಲಿಷಿನಲ್ಲಿ ಹೇಳಿದೆ, ಬೋರ್ಡಿನ ಮೇಲೆ ಬರೆದೂ ತೋರಿಸಿದೆ. ಮೇಷ್ಟ್ರೇ, ನಿಮ್ಮ ಪಾವು ಈಗ ನ್ಯೂಜೆರ್ಸಿಯ ಕ್ಲಾಸಿನಲ್ಲಿದೆ.

ಡಲ್ಲಾಸ್ ಸರ್, ನಿಮ್ಮ ಲೆಕ್ಕ ಈಗ ಮಾಡಿದೆ. 7/10 × 7/10 × 7/10 = 343/1000. ನೂರಕ್ಕೆ 34 ಜನ. ಕೊಂಡಿ ಒಂದು ಕಡಿಮೆಯಾದರೆ 49. ಆ ವ್ಯತ್ಯಾಸ ನೋಡಿ ನಿಮಗೆ ಯಾಕೆ ಅಷ್ಟು ಸಿಟ್ಟು ಬರುತ್ತೆ ಅಂತ ಅರ್ಥ ಆಯಿತು.

ಡಲ್ಲಾಸ್‌ಕನ್ನಡಿಗ
ತುಂಬಾ ಖುಷಿಯಾಯಿತು. ಕೌನ್ಸೆಲರ್ ಹೇಳಿದ್ದನ್ನು ಇಮೇಲಿನಲ್ಲಿ ಬರೆಸಿಕೊಳ್ಳಿ. ಮುಂದಿನ ಸೆಮಿಸ್ಟರಿಗೆ ಆ ಜಾಗದಲ್ಲಿ ಬೇರೆಯವರು ಇರಬಹುದು.

ನಿವೃತ್ತಮೇಷ್ಟ್ರು
ತಾಯೀ, ನಿಮ್ಮ ಪತ್ರ ಓದಿ ನಮ್ಮ ಮನೆಯವರಿಗೆ ಗಟ್ಟಿಯಾಗಿ ಓದಿ ಹೇಳಿದೆ.

ನೈಟ್‌ಶಿಫ್ಟ್‌ನರ್ಸ್
ಸರಿ ತಂಗೀ, ಒಂದು ಲೆಕ್ಕ. 1000 ಎಂಎಲ್ ಸಲೈನು, 8 ಗಂಟೆಯಲ್ಲಿ ಹೋಗಬೇಕು. ಟ್ಯೂಬಿನಲ್ಲಿ ಒಂದು ಎಂಎಲ್‌ಗೆ 15 ಹನಿ. ನಿಮಿಷಕ್ಕೆ ಎಷ್ಟು ಹನಿ?

ಮಲ್ಲಿಗೆಮೊಗ್ಗು
ಒಟ್ಟು 15,000 ಹನಿ. 8 ಗಂಟೆ ಅಂದರೆ 480 ನಿಮಿಷ. ಭಾಗಿಸಿದರೆ 31.25. ಕಾಲು ಹನಿ ಬೀಳಿಸೋಕಾಗಲ್ಲ, ಹಾಗಾಗಿ 31. ಎರಡು ಸೆಕೆಂಡಿಗೆ ಒಂದು ಹನಿ ಬಿದ್ದಂತೆ, ಅಂದರೆ ನಂಬುವ ಹಾಗಿದೆ. ಸರಿನಾ ಅಕ್ಕಾ?

ನೈಟ್‌ಶಿಫ್ಟ್‌ನರ್ಸ್
ಸರಿ. ಕೊನೆಯ ಸಾಲು ಬರೆದೆಯಲ್ಲ, ಅದಕ್ಕೆ ಪೂರ್ತಿ ಅಂಕ.

ಎಚ್‌ನಾಲ್ಕುಹಕ್ಕಿ
ಅಕ್ಕಾ, ನಾನೂ ಅರ್ಜಿ ಹಾಕಿದೆ. ಮುಂದಿನ ಶನಿವಾರ ನನ್ನ ಪರೀಕ್ಷೆ. ಭಿನ್ನರಾಶಿ ಭಾಗಾಕಾರ ಇನ್ನೂ ಹಿಡಿತಕ್ಕೆ ಬಂದಿಲ್ಲ. ಒಂದು ದಿನ ಫೋನಿನಲ್ಲಿ ಹೇಳಿಕೊಡ್ತೀರಾ?

ಮಲ್ಲಿಗೆಮೊಗ್ಗು
ಗುರುವಾರ ರಾತ್ರಿ 9:30ಕ್ಕೆ, ಮಗಳು ಮಲಗಿದ ಮೇಲೆ. ಮೆಸೇಜ್ ಕಳಿಸು, ನಂಬರ್ ಕೊಡ್ತೀನಿ. ಪೆನ್ಸಿಲ್, ಹಾಳೆ, ಒಂದು ಬಟ್ಟಲು ಅಕ್ಕಿ, ಅಳತೆ ಕಪ್ಪು ಎಲ್ಲಾ ಹತ್ತಿರ ಇಟ್ಕೊಂಡಿರು.